ಖಾಡಿಯ ಎತ್ತಿನಗಾಡಿ

ಠಾಣೆ ಪಟ್ಟಣದ ಕೋಪ್ರಿಯಿಂದ ಆಚೆ ದಡದ ಐರೋಲಿಗೆ, ಖಾಡಿ ಎಂಬ ಸಮುದ್ರದ ಹಿನ್ನೀರಿನ ಮೇಲೆ ಓಡಾಡಲು ಅಧಿಕೃತ ಪರವಾನಗಿ ಪಡೆದ ಏಕೈಕ ಎತ್ತಿನಗಾಡಿ ನನ್ನದೆಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

ನಾನು ಸಿಂದಗಿ ಕಡೆಯ ಮಾಪಣ್ಣ. ಈಜು ಬರುವುದಿಲ್ಲ, ಅದೊಂದು ಬಿಟ್ಟರೆ ನನಗೆ ಬಾರದ ವಿದ್ಯೆಯಿಲ್ಲ. ಎಂಬತ್ತಾರರ ಮಳೆಗಾಲದಲ್ಲಿ, ಕೋಪ್ರಿಯಿಂದ ಕಳವಾ ಸೇತುವೆ ಸುತ್ತಿಕೊಂಡು ಆಚೆ ದಡದ ಮಹಾಪೆಯ ಕಾರ್ಖಾನೆ ಮುಟ್ಟುವಷ್ಟರಲ್ಲಿ ದಿನಾ ಪಾಳಿ ಶುರುವಾದ ಭೋಂಗಾ ಕೂಗಿರುತ್ತಿತ್ತು. ಫೋರ್‌ಮನ್ ಕಮಲಾಕ್ಷ ಮಲ್ಪೆಯವರು.

"ಇನ್ನೊಂದು ಸಲ ಲೇಟಾದ್ರೆ ಕೆಲಸ ಇಲ್ಲ ಮಾರಾಯ."

"ದೋಣಿ ಕಟ್ಟಿ ಬರ್ತೀನ್ರೀ."

"ನೀನಾ? ನಿಮ್ಮೂರಲ್ಲಿ ನೀರು ನೋಡ್ಲಿಕ್ಕೆ ಬಾವಿಗೆ ಬಗ್ಗಬೇಕಲ್ವಾ!"

ಮಾತು ಮೀಸೆಗೇ ತಾಗಿತು. ಚುನಾವಣೆಯಲ್ಲಿ ಸೋತವರೊಬ್ಬರ ತಗಡಿನ ಫಲಕ ಬಗ್ಗಿಸಿ ಒಡಲು ಮಾಡಿದೆ. ಫಲಕದಲ್ಲಿದ್ದ ಅವರ ನಗು ನೀರಿನೊಳಗೆ ಉಳಿಯಿತು. ಬಿಸಾಡಿದ ಪೆಟ್ಟಿಗೆಗಳ ಹಲಗೆ ಜೋಡಿಸಿ, ರಸ್ತೆಯವರು ಬಿಟ್ಟುಹೋದ ಡಾಂಬರು ಮೆತ್ತಿದೆ. ಕೂತ ಕೂಡಲೇ ಮಗುಚಿತು. ಅಡ್ಡಲಾಗಿ ಎರಡು ಬಿದಿರು ಕಟ್ಟಿ, ಅವುಗಳ ತುದಿಗೆ ಖಾಲಿ ವನಸ್ಪತಿ ಡಬ್ಬಿಗಳ ಸಾಲೊಂದನ್ನು ಪಕ್ಕದಲ್ಲೇ ತೇಲುವಂತೆ ಬಿಗಿದೆ. ಆಮೇಲೆ ಮಗುಚುವ ಧೈರ್ಯ ಅದಕ್ಕೆ ಬರಲಿಲ್ಲ.

ಚಿಗವ್ವ ಕಾಶವ್ವ ನೋಡಿ ಕೈಮುಗಿದಳು. "ಜೋಡೆತ್ತು ಹೂಡಿದಂಗ ಕಾಣ್ತದಲ್ಲೋ ತಮ್ಮಾ!" ಅಂದು ಕಾರಹುಣ್ಣಿಮೆ ಬೇರೆ. ಒಡಲು, ಡಬ್ಬಿಸಾಲು ಎರಡಕ್ಕೂ ಅರಿಶಿನ ಬಳಿದು, ಗೆಜ್ಜೆ ಕಟ್ಟಿ, ಹೋಳಿಗೆ ಮುಂದಿಟ್ಟಳು. ಎತ್ತುಗಳ ಪರವಾಗಿ ಮೀನುಗಳು ತಿಂದವು.

ಮರುದಿನ ವಾರ್ಡ್ ಆಫೀಸಿನ ವಸಂತಕುಮಾರ ಸಾಹೇಬರು ದಡದಲ್ಲೇ ತಡೆದರು. ಬೆಳಗಾವಿಯವರು, ಕಾನೂನು ಬಲ್ಲವರು.

"ದೋಣಿಗೆ ಒಡಲು ಒಂದೇ ಇರಬೇಕು. ಇದರ ಬಾಜೂಕ ಇನ್ನೊಂದು ಅದ. ಇದು ದೋಣಿ ಅಲ್ಲ."

"ಮತ್ತೇನ್ರೀ ಸಾಹೇಬ್ರ?"

ಅವರು ಗೆಜ್ಜೆ ಅಲ್ಲಾಡಿಸಿ ನೋಡಿದರು. "ನೊಗ ಅದ, ಗೆಜ್ಜಿ ಅದ, ಅರಿಶಿನ ಅದ. ಎತ್ತಿನಗಾಡಿ."

"ಎತ್ತು ಎಲ್ಲಿ ಅದಾವ್ರೀ?"

"ಅದನ್ನ ಮಾಲಕ ಹೇಳಬೇಕು. ನನ್ನೇನ್ ಕೇಳ್ತಿ?"

ಭೋಂಗಾದ ಹೊತ್ತಾಗಿತ್ತು, ಒಪ್ಪಿಕೊಂಡೆ. ಪಶುವೈದ್ಯರು ಬಂದು ಡಬ್ಬಿ ಬಡಿದು, "ಹೊಟ್ಟೆ ಖಾಲಿ, ಸ್ವಭಾವ ಶಾಂತ" ಎಂದು ಪ್ರಮಾಣೀಕರಿಸಿದರು. ಎತ್ತಿನಗಾಡಿ ರಸ್ತೆಯಲ್ಲೇ ಚಲಿಸತಕ್ಕದ್ದೆಂಬ ನಿಯಮಾನುಸಾರ ಖಾಡಿಯನ್ನು ರಸ್ತೆಯೆಂದು ಘೋಷಿಸಲಾಯಿತು. ರಸ್ತೆ ಎಂದಮೇಲೆ ಗುಂಡಿ ಇರಲೇಬೇಕು. ಗುತ್ತಿಗೆದಾರರು ಜಲ್ಲಿ ಸುರಿದರು. ಮೇಲ್ಮೈ ಇಷ್ಟು ಸಮತಟ್ಟಾದ ರಸ್ತೆಯನ್ನು ತಾವು ಠಾಣೆಯ ನೌಪಾಡಾ ಬಡಾವಣೆಯಲ್ಲೂ ಕಂಡಿಲ್ಲವೆಂದು ಇಂಜಿನಿಯರು ಮೆಚ್ಚಿದರು.

ಒಂದು ಬೆಳಿಗ್ಗೆ ನಟ್ಟನಡುನೀರಿನಲ್ಲಿ ಫಲಕ ನಿಂತಿತ್ತು: "ರಸ್ತೆ ದುರಸ್ತಿಯಲ್ಲಿದೆ. ವಾಹನಗಳು ಕಾಯತಕ್ಕದ್ದು." ಪಕ್ಕದಲ್ಲಿ ಬೆಸ್ತರ ದೋಣಿಯಲ್ಲಿ ಕೆಂಪು ಬಾವುಟ ಹಿಡಿದು ವಸಂತಕುಮಾರರು ಕೂತಿದ್ದರು.

"ಸಾಹೇಬ್ರ, ನೌಕರಿ ಹೋಗ್ತದ್ರೀ!"

"ಎತ್ತು ಹಿಡಕೊಂಡು ಸುಮ್ನ ನಿಂದ್ರು."

ಆಚೆ ದಡದಲ್ಲಿ ಭೋಂಗಾ ಕೂಗಿ ಮುಗಿಯಿತು. ನಾನು ಕಾರ್ಖಾನೆ ಮುಟ್ಟಿದಾಗ ಕಮಲಾಕ್ಷ ಗೇಟಿನಲ್ಲೇ ನಿಂತಿದ್ದರು.

"ನೀರಲ್ಲಿ ರಸ್ತೆ ಬಂದ್ ಉಂಟಾ? ಯಾರಿಗೆ ಹೇಳ್ತೀಯಾ? ನಾನು ಹುಟ್ಟಿದ್ದೇ ದೋಣಿಯಲ್ಲಿ!"

ವಸಂತಕುಮಾರರು ಬರೆದುಕೊಟ್ಟಿದ್ದ, ವಾರ್ಡ್ ಆಫೀಸಿನ ಮೊಹರಿದ್ದ ಚೀಟಿ ಕೊಟ್ಟೆ. ಓದಿದರು. ಮೊಹರನ್ನು ಉಗುರಿನಿಂದ ಕೆರೆದು ನೋಡಿದರು.

"ರಸ್ತೆ ಬಂದ್ ಆದ್ರೆ ಲೇಟ್ ಅಲ್ಲ. ಒಳಗೆ ಬಾ."

ಸಂಜೆ ಅವರೂ ದಡಕ್ಕೆ ಬಂದರು, ಠಾಣೆ ಪಟ್ಟಣಕ್ಕೆ ಹೋಗಬೇಕಂತೆ. ಹತ್ತುವ ಮುಂಚೆ ಪ್ಯಾಂಟು ಮಡಚಿ, ಮೆಲ್ಲಗೆ ಕೇಳಿದರು: "ಯಾವ ಬದಿಯ ಎತ್ತು ಒದೀತದೆ?"

"ಎಡಗಡಿದ್ರೀ."

ಅವರು ಬಲಗಡೆಯಿಂದ ಹತ್ತಿದರು.