ಬಣ್ಣವಿಲ್ಲದ ಪಾನಿಯೂ ನನ್ನ ಪಿಎಚ್.ಡಿ.ಯೂ

ಹದಿನೇಳು ವರ್ಷಗಳಿಂದ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಹೇಳುತ್ತಿದ್ದರೂ, ಮನೆಯ ಮಿಕ್ಸಿ ಕೆಟ್ಟಾಗ ನನ್ನ ಹೆಂಡತಿ ಮೊದಲು ಮಾಡುವ ಕೆಲಸ ಅದನ್ನು ನನ್ನ ಕೈಗೆ ಸಿಗದಂತೆ ಎತ್ತಿಡುವುದು. ನನಗೇನೂ ಬೇಸರವಿಲ್ಲ. ನನ್ನ ಪಿಎಚ್.ಡಿ. ದ್ರವಗಳ ಹರಿವಿನ ಮೇಲೆ, ಮಿಕ್ಸಿಯ ಮೇಲಲ್ಲ. ಆದರೆ ನಮ್ಮ ವಿಶ್ವವಿದ್ಯಾಲಯದವರಿಗೆ ಈಚೆಗೆ ಸಂಶೋಧನೆ, ನಾವೀನ್ಯತೆ ಎಂಬ ಹುರುಪು ಹತ್ತಿದೆ. ಸುತ್ತಲಿನ ಜನರ ಒಂದು ಕಷ್ಟವನ್ನಾದರೂ ನಿಮ್ಮ ವಿಭಾಗ ಪರಿಹರಿಸಲಿ ಎಂದು ಸುತ್ತೋಲೆ ಬಂತು. ಚಿನ್ನದ ಗಣಿಯ ಊರಾದ ಊರಿಗಾಂನ ಕಾಲೇಜಿನಿಂದ ಬಂಗಾರಪೇಟೆಯ ಮನೆಗೆ ಮರಳುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಯೋಚನೆ ಹತ್ತಿದಾಗ ನಾನು ಪಾನಿಪುರಿ ತಿನ್ನುತ್ತೇನೆ. ಯೋಚನೆ ಇಲ್ಲದಾಗಲೂ ತಿನ್ನುತ್ತೇನೆ.

ಸ್ಟೇಷನ್ ಹತ್ತಿರ ಗಾಡಿ ಇಟ್ಟಿರುವ ಮುನಿರತ್ನಮ್ಮ ಅಂದು ಬಲಗೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಪುರಿ ಅದ್ದುತ್ತಿದ್ದರು. ವರ್ಷಗಟ್ಟಲೆ ಖಾರದ ನೀರಿನಲ್ಲಿ ನೆನೆದು ಬೆರಳು ಸೀಳುಬಿಟ್ಟಿತ್ತು. "ಡಾಕ್ಟ್ರು ಇನ್ಮೇಲೆ ನೀರಿಗೆ ಕೈ ಇಕ್ಕಬ್ಯಾಡ ಅಂದವ್ರೆ ಸಾರ್. ಗ್ಲೌಸ್ ಆಕ್ಕೊಂಡ್ರೆ ಪುರಿ ಪುಡಿಯಾಗ್ತದೆ. ಗಾಡಿ ನಿಲ್ಸೋದೇ ಇನ್ನ" ಎಂದರು. ನನಗೆ ನಿಜವಾಗಿ ಸಂಕಟವಾಯಿತು. ಸುಳ್ಳೇಕೆ ಹೇಳಲಿ, ಅರ್ಧ ಸಂಕಟ ಅವರ ಕೈಯದು, ಇನ್ನರ್ಧ ನನ್ನ ನಾಲಿಗೆಯದು. "ಒಂದು ಮಿಷನ್ ಮಾಡಿಕೊಡ್ತೀನಿ, ಗಾಡಿ ನಿಲ್ಲಿಸಬೇಡಿ" ಎಂದುಬಿಟ್ಟೆ.

ಮಾತು ಕೊಟ್ಟವನು ನಾನು. ದುಡಿದವಳು ಕೊನೆಯ ವರ್ಷದ ವಿದ್ಯಾರ್ಥಿನಿ, ನಂದಿದುರ್ಗ ಗಣಿ ಕಾರ್ಮಿಕರ ಲೈನ್ ಮನೆಯ ಸೆಲ್ವಿ. ತೂತು ಮಾಡಿದ ಪುರಿಯನ್ನು ತಟ್ಟೆಯ ಮೇಲಿಟ್ಟರೆ ಕೊಳವೆಯಿಂದ ಪಾನಿ ಬೀಳಬೇಕು, ತುಂಬಿದ್ದನ್ನು ಬೆಳಕಿನ ಸೆನ್ಸರ್ ಕಂಡು ನಿಲ್ಲಿಸಬೇಕು. ಲ್ಯಾಬಿನಲ್ಲಿ ನೀರು ಚೆನ್ನಾಗಿ ಕಾಣಲೆಂದು ಹಸಿರು ಬಣ್ಣ ಕಲಸಿ ಪರೀಕ್ಷಿಸಿದೆವು. ಒಂದು ಹನಿಯೂ ಚೆಲ್ಲಲಿಲ್ಲ. ಬಣ್ಣ ಕಲಸುವ ಸಲಹೆ ನನ್ನದು. ಈ ಸಂಶೋಧನೆಗೆ ನನ್ನ ಮುಖ್ಯ ಕೊಡುಗೆಯೂ ಅದೇ.

ಬಂಗಾರಪೇಟೆಯ ಪಾನಿಗೆ ಬಣ್ಣವೇ ಇಲ್ಲ. ನೋಡಲು ನಲ್ಲಿ ನೀರು, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ವಾರಕ್ಕೆ ಮೂರು ಸಲ ತಿನ್ನುವ ನನಗೆ ಇದು ನೆನಪಾದದ್ದು ಮುನಿರತ್ನಮ್ಮನ ಗಾಡಿಯ ಮುಂದೆ, ಪಾನಿ ಉಕ್ಕಿ ಪುರಿಯಿಂದ ತಟ್ಟೆಗೆ, ತಟ್ಟೆಯಿಂದ ನನ್ನ ಬೂಟಿಗೆ ಇಳಿದಾಗ. ಸೆನ್ಸರ್ ಕಣ್ಣಿಗೆ ಆ ನೀರು ಬೀಳಲೇ ಇಲ್ಲ. "ಅಯ್ಯೋ, ನಿಲ್ತಾ ಇಲ್ಲ ಸಾರ್! ವೈರ್ ಕೀಳಿ ಸಾರ್!" ಎಂದು ಸೆಲ್ವಿ ಕೂಗಿದಳು. ದ್ರವಗಳ ಹರಿವನ್ನು ನಾನು ಅಷ್ಟು ಹತ್ತಿರದಿಂದ ಅಭ್ಯಾಸ ಮಾಡಿದ್ದು ಅದೇ ಮೊದಲು.

"ಪಾನಿಗೇ ಸ್ವಲ್ಪ ಬಣ್ಣ ಹಾಕಿದರೆ ಹೇಗೆ?" ಎಂದೆ. ಮುನಿರತ್ನಮ್ಮ ನೋಡಿದ ನೋಟಕ್ಕೆ ಬಗ್ಗಿ ಬೂಟು ಒರೆಸತೊಡಗಿದೆ.

"ಕಣ್ಣಲ್ಲಿ ನೋಡ್ಕೊಂಡು ಯಾರ್ ತುಂಬ್ತಾರೆ ಸಾರ್?" ಎಂದರು ಅವರು. "ನನ್ ಮಕ ಗಿರಾಕಿ ಕಡೆ ಇರ್ತದೆ. ತುಂಬಿದ್ರೆ ಕೈಗೆ ತೂಕ ಗೊತ್ತಾಗ್ತದೆ, ಅಷ್ಟೇಯ."

ಸೆಲ್ವಿ ನನ್ನತ್ತ ನೋಡಲೂ ಇಲ್ಲ. ಅಲ್ಲೇ ಸೆನ್ಸರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಎರಡು ವಾರದಲ್ಲಿ ಪುರಿಯ ತಟ್ಟೆಯ ಕೆಳಗೆ ಪುಟ್ಟ ತೂಕದ ಯಂತ್ರವೊಂದು ಕೂತಿತು. ಈಗಲೂ ಹತ್ತರಲ್ಲಿ ಒಂದು ಪುರಿ ಪಾನಿ ಹೆಚ್ಚಾಗಿ ಮೆತ್ತಗಾಗುತ್ತದೆ, ಅದನ್ನು ನಾನು ತಿನ್ನುತ್ತೇನೆ. ಆದರೆ ಮುನಿರತ್ನಮ್ಮನ ಗಾಡಿ ನಿಲ್ಲಲಿಲ್ಲ, ಕೈಯೂ ನೀರಿಗೆ ಇಳಿಯಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಇಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಮೊನ್ನೆ ವಿಶ್ವವಿದ್ಯಾಲಯದ ಸಮಿತಿಯವರು ನಮ್ಮ ಲ್ಯಾಬಿಗೆ ಯಂತ್ರ ನೋಡಲು ಬಂದರು. ಮುನಿರತ್ನಮ್ಮನನ್ನೂ ಕರೆಸಿದ್ದೆ. ಹಿರಿಯರೊಬ್ಬರು ತಲಾ ಎರಡರಂತೆ ಇಟ್ಟಿದ್ದ ಎಲ್ಲರ ಪಾಲನ್ನೂ ತಾವೇ ತಿಂದು, ಮೂಗು ಒರೆಸಿಕೊಳ್ಳುತ್ತ, "ಭೇಷ್! ತೂಕ ನೋಡಿ ನಿಲ್ಲಿಸುವ ಈ ಉಪಾಯ ಯಾರದ್ರೀ?" ಎಂದರು. ನಾನು ಗಂಟಲು ಸರಿಮಾಡಿಕೊಂಡು, ವಿನಯದಿಂದ ಕೈ ಎತ್ತತೊಡಗಿದೆ.

ಅಷ್ಟರಲ್ಲಿ ಬಾಗಿಲ ಬಳಿಯ ಕುರ್ಚಿಯಿಂದ ಇನ್ನೊಂದು ಕೈ ಮೇಲೆದ್ದಿತ್ತು. ಬಲಗೈ, ಬಟ್ಟೆಯಿಲ್ಲ, ಸೀಳಿಲ್ಲ, ಐದು ಬೆರಳೂ ನೆಟ್ಟಗೆ. "ನಂದೇ ಸಾರ್" ಎಂದರು ಮುನಿರತ್ನಮ್ಮ. ಅರ್ಧಕ್ಕೆ ಎದ್ದಿದ್ದ ನನ್ನ ಕೈಯಿಂದ ನಾನು ತಲೆ ಕೆರೆದುಕೊಂಡೆ.