ಡಿಸ್ಚಾರ್ಜ್ ನಕ್ಷೆಯಲ್ಲಿ ಇಲ್ಲದ ರಾಹುಕಾಲ

ಆಸ್ಪತ್ರೆಗೆ ಸೇರುವುದು ಸುಲಭ. ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರೆ ಸಾಕು, ಗಾಲಿಕುರ್ಚಿ ತಾನಾಗಿ ಬರುತ್ತದೆ, ಒಬ್ಬರು ಹೆಸರು ಕೇಳುತ್ತಾರೆ, ಇನ್ನೊಬ್ಬರು ಕೈಗೆ ಪಟ್ಟಿ ಕಟ್ಟುತ್ತಾರೆ. ಕಷ್ಟವಿರುವುದೆಲ್ಲ ಹೊರಗೆ ಬರುವುದರಲ್ಲಿ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಬೆನ್ನು ತಟ್ಟಿ "ಇವತ್ತು ಮನೆಗೆ ಹೋಗಬಹುದು" ಎಂದುಬಿಡುತ್ತಾರೆ. ವಾಸಿಯಾದ ಮನುಷ್ಯ ಆ ಮಾತನ್ನು ನಂಬಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಮಂಚದ ತುದಿಯಲ್ಲಿ ಕೂರುತ್ತಾನೆ. ಮಧ್ಯಾಹ್ನದ ಊಟ ಬರುತ್ತದೆ. ಸಂಜೆಯ ಕಾಫಿ ಬರುತ್ತದೆ. ಡಿಸ್ಚಾರ್ಜ್ ಮಾತ್ರ ಬರುವುದಿಲ್ಲ. ಕಾದು ಕಾದು ಬಿಪಿ ಏರಿಸಿಕೊಂಡು ಇನ್ನೊಂದು ದಿನ ಉಳಿದವರನ್ನೂ ನಾನು ನೋಡಿದ್ದೇನೆ. ನೋಡಲೇಬೇಕು, ಏಕೆಂದರೆ ಇದನ್ನು ಸರಿಪಡಿಸುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಚೆನ್ನೈನ ಒಂದು ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯಲ್ಲಿ ನಾನು ಆಪರೇಷನ್ಸ್ ಮ್ಯಾನೇಜರ್. ಈ ಹೆಸರು ಕೇಳಿದ ನೆಂಟರೆಲ್ಲ ನಾನು ಕತ್ತರಿ ಹಿಡಿಯುವವಳೆಂದೇ ತಿಳಿದಿದ್ದಾರೆ. ವೆಸ್ಟ್ ಮಾಂಬಲಂನ ಒಂದು ಮದುವೆಮನೆಯಲ್ಲಿ ದೂರದ ಸೋದರತ್ತೆಯೊಬ್ಬರು ಊಟದ ಪಂಕ್ತಿಯಲ್ಲೇ ಸೆರಗು ಸರಿಸಿ ಹಳೆಯ ಹೊಲಿಗೆಯೊಂದನ್ನು ತೋರಿಸಿ ಅಭಿಪ್ರಾಯ ಕೇಳಿದ್ದರು. ಚೆನ್ನಾಗಿ ಕೂಡಿದೆ ಎಂದು ಹೇಳಿ ಪಾಯಸ ಹಾಕಿಸಿಕೊಂಡೆ. ನಿಜವಾಗಿ ನಾನು ನೋಡಿಕೊಳ್ಳುವುದು ಲಿಫ್ಟು, ಲಾಂಡ್ರಿ, ಹಾಸಿಗೆಗಳ ಲೆಕ್ಕ ಮತ್ತು ಎಲ್ಲರ ಬೈಗುಳ.

ಹೋದ ವರ್ಷ ನಮ್ಮ ಡೈರೆಕ್ಟರು ಯಾವುದೋ ಸಮ್ಮೇಳನದಿಂದ ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್ ಎಂಬುದನ್ನು ಹೊತ್ತು ತಂದರು. ಬೇರೆಯವರು ಸಮ್ಮೇಳನದಿಂದ ಬ್ಯಾಗು, ಪೆನ್ನು ತರುತ್ತಾರೆ, ಇವರು ನನಗೆ ಕೆಲಸ ತಂದರು. ವಿಷಯ ಕಷ್ಟದ್ದೇನಲ್ಲ. ನಡೆಯುವ ಕೆಲಸವನ್ನೆಲ್ಲ ಚೌಕಗಳಲ್ಲಿ ಬರೆಯಬೇಕು, ಚೌಕದಿಂದ ಚೌಕಕ್ಕೆ ಬಾಣ ಎಳೆಯಬೇಕು, ಯಾವ ಚೌಕದಲ್ಲಿ ಕೆಲಸ ತೂಕಡಿಸುತ್ತಿದೆ ಎಂದು ಪತ್ತೆ ಮಾಡಿ ಎಬ್ಬಿಸಬೇಕು. ಎರಡೇ ವಾರದಲ್ಲಿ ನನಗೆ ಈ ಹುಚ್ಚು ಎಷ್ಟು ಹಿಡಿಯಿತೆಂದರೆ, ನಮ್ಮ ಮನೆಯ ಬೆಳಗಿನ ಕಾಫಿಗೂ ಒಂದು ನಕ್ಷೆ ಬರೆದೆ. ಬ್ಯಾಂಕಿನಲ್ಲಿರುವ ನಮ್ಮ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಾ ಸರಿ ಕಣೇ, ಇದರಲ್ಲಿ ಕಾಫಿ ಎಲ್ಲಿದೆ?" ಎಂದು ಕೇಳಿದರು. ಆ ದಿನ ನಕ್ಷೆಯ ಗಡಿಬಿಡಿಯಲ್ಲಿ ಹಾಲು ಉಕ್ಕಿ ಒಲೆಯ ಪಾಲಾಗಿತ್ತು.

ಆಸ್ಪತ್ರೆಯಲ್ಲಿ ಮಾತ್ರ ನಕ್ಷೆ ಕೆಲಸ ಮಾಡಿತು. ಡಿಸ್ಚಾರ್ಜಿನ ವರದಿ ಹಿಂದಿನ ದಿನವೇ ಟೈಪಾಗುವಂತೆ, ಉಳಿದ ಔಷಧಿ ಬೆಳಿಗ್ಗೆಯೇ ಫಾರ್ಮಸಿಗೆ ವಾಪಸಾಗುವಂತೆ, ಇನ್ಶೂರೆನ್ಸಿನವರನ್ನು ಮೊದಲೇ ಕಾಡಿ ಒಪ್ಪಿಗೆ ಪಡೆಯುವಂತೆ ಬಾಣಗಳನ್ನು ತಿರುಗಿಸಿದೆವು. ಸಂಜೆಗೆ ಸಿಗುತ್ತಿದ್ದ ಬಿಡುಗಡೆ ಬೆಳಿಗ್ಗೆ ಹತ್ತೂವರೆಗೆ ಸಿಗಬೇಕು ಎಂಬುದು ಗುರಿ. ಹೊಸ ಪದ್ಧತಿಯ ಉದ್ಘಾಟನೆಯನ್ನು ಒಳ್ಳೆಯ ಮುಹೂರ್ತ ನೋಡಿಯೇ ಇಟ್ಟುಕೊಂಡಿದ್ದೆವು. ಅವತ್ತು ಇನ್ನೂ ರಾಹುಕಾಲ ಮುಗಿದಿಲ್ಲವೆಂದು ಡೈರೆಕ್ಟರು ಕಾರಿನಿಂದ ಇಳಿಯದೆ ಒಳಗೇ ಕೂತಿದ್ದರು, ನಾವೆಲ್ಲ ಹೊರಗೆ ನಿಂತು ಕಾದೆವು. ಆಮೇಲೆ ತೆಂಗಿನಕಾಯಿ ಒಡೆದು, ಕಂಪ್ಯೂಟರಿಗೆ ಕುಂಕುಮವಿಟ್ಟು ಶುರು ಮಾಡಿದೆವು. ಇಷ್ಟೆಲ್ಲ ಮಾಡಿದ ನಮಗೆ ಯಾರಿಗೂ ಹೊಳೆಯದ ವಿಷಯವೊಂದು ಮೊದಲ ಶುಕ್ರವಾರ ಎದುರಾಯಿತು, ಅದೂ ನನ್ನ ಗಂಡನ ಹೊಟ್ಟೆಯ ಮೂಲಕ.

ಆ ಬೆಳಿಗ್ಗೆ ಇವರು ಬ್ಯಾಂಕಿಗೆ ಹೊರಟವರು ಸೊಂಟ ಹಿಡಿದುಕೊಂಡು ಸೋಫಾದ ಮೇಲೆ ಕುಸಿದರು. ಮೂತ್ರಕೋಶದ ಕಡೆಗೆ ಇಳಿಯುವ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದು ನಮ್ಮ ಎಮರ್ಜೆನ್ಸಿಯಲ್ಲಿ ಸ್ಕ್ಯಾನ್ ಮಾಡಿ ಹೇಳಿದರು. ಜ್ವರವೂ ಏರುತ್ತಿತ್ತು. "ತಡ ಮಾಡೋ ಹಾಗಿಲ್ಲ ಮ್ಯಾಡಮ್, ಮೇಲೆ ಒಂದು ಬೆಡ್ ಕೊಡಿಸಿ, ರೆಡಿ ಮಾಡಿ ಥಿಯೇಟರಿಗೆ ತಗೋತೀವಿ" ಎಂದರು ಡಾಕ್ಟರು. ಬೆಡ್ ಕೊಡಿಸುವುದು ನನ್ನ ಕೆಲಸವೇ. ನಾನು ಗತ್ತಿನಿಂದ ಮೇಲಿನ ವಾರ್ಡಿನ ಸಿಸ್ಟರ್ ಲಿಸಿಗೆ ಫೋನ್ ಮಾಡಿದೆ. ಇವತ್ತು ನಾಲ್ಕು ಜನ ಹೋಗುವವರು ಇದ್ದಾರೆ, ಹತ್ತೂವರೆಗೆ ಎಲ್ಲ ಕಾಗದವೂ ಕೈಗೆ ಬರುತ್ತದೆ, ಆದರೆ ಒಬ್ಬರೂ ಏಳುವ ಹಾಗೆ ಕಾಣುತ್ತಿಲ್ಲ, ಎಂದರು ಸಿಸ್ಟರು. ಯಾಕೆ ಎಂದೆ. "ಇವತ್ತು ಫ್ರೈಡೇ ಅಲ್ಲವಾ ಮ್ಯಾಡಮ್" ಎಂದು ಆ ಕೇರಳದ ಹೆಂಗಸು ತಣ್ಣಗೆ ಹೇಳಿದರು.

ಶುಕ್ರವಾರ ರಾಹುಕಾಲ ಶುರುವಾಗುವುದು ಸರಿಯಾಗಿ ಹತ್ತೂವರೆಗೆ. ಹಳೆಯ ಪದ್ಧತಿಯಲ್ಲಿ ನಮ್ಮ ಸೋಮಾರಿತನವೇ ರಾಹುಕಾಲವನ್ನು ನುಂಗಿ ನೀರು ಕುಡಿಯುತ್ತಿತ್ತು. ಕಾಗದ ಸಂಜೆಗೆ ಬಂದರೆ ಹತ್ತೂವರೆಯ ಚಿಂತೆ ಯಾರಿಗೆ? ಈಗ ನಾನು ತಿಂಗಳುಗಟ್ಟಲೆ ಬಾಣ ಎಳೆದೂ ಎಳೆದೂ ಡಿಸ್ಚಾರ್ಜನ್ನು ತಂದು ರಾಹುವಿನ ಬಾಯಿಯೊಳಗೇ ಇಟ್ಟಿದ್ದೆ. ಪಕ್ಕದಲ್ಲೇ ಟ್ರಾಲಿಯ ಮೇಲೆ ಇವರು ಹಲ್ಲು ಕಚ್ಚಿ ಮಲಗಿದ್ದರು. ಇಂಜೆಕ್ಷನ್ನಿಗೆ ನೋವು ಸ್ವಲ್ಪ ತಗ್ಗಿ ಮತ್ತೆ ಬರುತ್ತಿತ್ತು. ಆಗ ನನಗೆ ನಿಜವಾಗಿ ಭಯವಾಯಿತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಓಡಿದೆ.

ವಾರ್ಡಿನಲ್ಲಿ ನಾಲ್ಕೂ ಮಂಚಗಳ ಮೇಲೆ ನಾಲ್ಕು ಗಟ್ಟಿಮುಟ್ಟಾದ ಜನ ತಲೆ ಬಾಚಿಕೊಂಡು ಕೂತಿದ್ದರು. ಮೊದಲ ಮಂಚದ ಯಜಮಾನರ ಹೆಂಡತಿ ಸಾವಿತ್ರಮ್ಮನವರು ನನಗೆ ಎರಡು ದಿನದಿಂದ ಪರಿಚಯ, ಕೋಡಂಬಾಕ್ಕಂನಲ್ಲಿ ಬಹಳ ಕಾಲದಿಂದ ನೆಲೆಸಿ ಮಾತಿನಲ್ಲಿ ತಮಿಳು ಬೆರೆತುಹೋದ ಕನ್ನಡದವರು. "ಏನಮ್ಮಾ, ಕಾಗದ ಬಂದ ಕೂಡಲೇ ಹೊರಡ್ತೀರಲ್ಲ?" ಎಂದೆ, ಏದುಸಿರು ಬಿಡುತ್ತ.

"ಹೊರಡೋದಾ? ಇನ್ನು ಕೊಂಜ ಹೊತ್ತಲ್ಲಿ ರಾಹುಕಾಲಂ ಬರ್ತದಲ್ಲ ಮಾ. ಹನ್ನೆರಡಾಗ್ಲಿ, ನಿದಾನವಾಗಿ ಹೋಗ್ತೀವಿ" ಎಂದರು ಅವರು.

ನಾನು ಕೆಳಗೆ ನರಳುತ್ತಿರುವ ನನ್ನ ಗಂಡನ ವಿಷಯ ಹೇಳಿದೆ. ಕಣ್ಣಲ್ಲಿ ನೀರೂ ಬಂತು. "ಅಯ್ಯೋ ಪಾವಂ" ಎಂದು ಅವರು ನನ್ನ ಕೈ ಹಿಡಿದುಕೊಂಡರು. ಆದರೆ ಮಂಚ ಬಿಡಲಿಲ್ಲ. "ನೀನೇ ಸೊಲ್ಲು ಮಾ. ಇವರಿಗೆ ಈಗ ತಾನೇ ಮೈ ಸರಿಹೋಗಿದೆ. ರಾಹುಕಾಲದಲ್ಲಿ ಹೊಸ್ತಿಲು ದಾಟಿಸಿ, ಮತ್ತೆ ಇಲ್ಲಿಗೇ ಕರ್ಕೊಂಡು ಬರೋ ಹಾಗಾದ್ರೆ?" ಎಂದು ಕೇಳಿದರು. ಅವರಿಗೆ ಅವರ ಗಂಡ, ನನಗೆ ನನ್ನ ಗಂಡ. ಆಸ್ಪತ್ರೆಯ ನಿಯಮ ತೋರಿಸಿ ಎಬ್ಬಿಸುವುದಕ್ಕೆ ಮನಸ್ಸು ಬರಲಿಲ್ಲ, ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಏಳುತ್ತಿರಲಿಲ್ಲ.

ಅವರ ಕಾಲ ಬಳಿ ಕಟ್ಟಿಟ್ಟ ಬ್ಯಾಗು ಕಂಡಾಗ ನಮ್ಮಮ್ಮ ನೆನಪಾದಳು. ನಮ್ಮಪ್ಪ ರೈಲ್ವೆಯಲ್ಲಿದ್ದವರು. ಪಾಸು ಸಿಕ್ಕಾಗಲೆಲ್ಲ ಮೈಸೂರಿಗೆ ಹೊರಡುತ್ತಿದ್ದೆವು. ರೈಲಿನವರು ಪಂಚಾಂಗ ನೋಡಿ ಗಾಡಿ ಬಿಡುತ್ತಾರೆಯೇ? ಎಷ್ಟೋ ಸಲ ಮನೆ ಬಿಡುವ ಹೊತ್ತಿಗೆ ಸರಿಯಾಗಿ ರಾಹುಕಾಲ ಬಂದು ಕೂರುತ್ತಿತ್ತು. ಅಮ್ಮ ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಳ್ಳೆಯ ಹೊತ್ತಿನಲ್ಲೇ ಒಂದು ಚೀಲವನ್ನು ಪಕ್ಕದ ಕ್ವಾರ್ಟರ್ಸಿಗೆ ಕಳಿಸಿಬಿಡುತ್ತಿದ್ದಳು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಚೀಲ ಹೊಸ್ತಿಲು ದಾಟಿತೆಂದರೆ ಪ್ರಯಾಣ ಆಗಲೇ ಶುರುವಾದಂತೆ. ಆಮೇಲೆ ಮನುಷ್ಯರು ಯಾವಾಗ ಹೊರಟರೂ ಚೀಲವನ್ನು ಸೇರಿಕೊಳ್ಳುವುದಷ್ಟೇ, ರಾಹು ತಕರಾರು ಮಾಡುವ ಹಾಗಿಲ್ಲ.

"ಸಾವಿತ್ರಮ್ಮನವರೇ, ಪ್ರಸ್ಥಾನ ಇಟ್ಟುಬಿಡೋಣ್ವಾ? ಇನ್ನೂ ಹೊತ್ತಿದೆ. ಬ್ಯಾಗನ್ನ ಗೇಟಿನ ಹತ್ತಿರದ ಸೆಕ್ಯೂರಿಟಿ ಕೋಣೆಗೆ ನಾನೇ ಒಯ್ತೀನಿ."

ಅವರ ಮುಖ ಅರಳಿತು. "ಅಡಡಾ, ಪರಸ್ಥಾನಂ! ನಮ್ಮತ್ತೆ ಇಡೋರು, ನಾನು ಮರ್ತೇ ಹೋದೆ. ಇರು ಮಾ, ಬರೀ ಫ್ಲಾಸ್ಕು ಹೋದ್ರೆ ಆಗಲ್ಲ, ಇವರು ಉಡೋ ವೇಷ್ಟಿ ಒಂದು ಇರ್ಬೇಕು" ಎಂದು ಪಂಚೆಯನ್ನು ಹುಡುಕಿ ಬ್ಯಾಗಿಗೆ ಸೇರಿಸಿ ಕೊಟ್ಟರು. ಪಕ್ಕದ ಮಂಚದವರು ಇದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದರು. "ಮೇಡಂ, ನಮ್ಮದೂ" ಎಂದು ತಮಿಳಿನಲ್ಲಿ ಕೂಗಿದರು. ನಾಲ್ಕು ಮಂಚದ ನಾಲ್ಕು ಬ್ಯಾಗುಗಳನ್ನು ಹೆಗಲಿಗೆ, ಕೈಗೆ, ಕಂಕುಳಿಗೆ ಸಿಕ್ಕಿಸಿಕೊಂಡು ನಾನು ಮೆಟ್ಟಿಲಿಳಿದು ಓಡಿದೆ. ಎದುರಿಗೆ ಬಂದ ಡೈರೆಕ್ಟರು ಗಾಬರಿಯಿಂದ, "ಕೆಲಸ ಬಿಟ್ಟು ಹೋಗ್ತಾ ಇದ್ದೀರಾ?" ಎಂದರು. ಬಂದು ಹೇಳುತ್ತೇನೆ ಎಂದೆ. ರಾಹುವಿಗಿಂತ ಸ್ವಲ್ಪ ಮುಂಚೆ ಬ್ಯಾಗುಗಳು ಆಸ್ಪತ್ರೆಯ ಹೊಸ್ತಿಲು ದಾಟಿ ಗೇಟಿನ ಕೋಣೆ ಸೇರಿದವು.

ಹತ್ತೂವರೆಗೆ ಕಾಗದ ಬಂತು. ನಾಲ್ವರೂ ನಗುನಗುತ್ತ ತಮ್ಮ ತಮ್ಮ ಬ್ಯಾಗು ಸೇರಿಕೊಂಡರು. ಸಾವಿತ್ರಮ್ಮನವರ ಗಂಡನ ಮಂಚದ ಮೇಲೆ ಹೊಸ ಬೆಡ್‌ಶೀಟು ಬಿತ್ತು, ಇವರು ಅದರ ಮೇಲೆ ಬಂದರು. ಮಧ್ಯಾಹ್ನದೊಳಗೆ ಥಿಯೇಟರಿಗೆ ಹೋಗಿ, ಹೊಟ್ಟೆ ಕೊಯ್ಯಿಸಿಕೊಳ್ಳದೆ ನಳಿಕೆಯಿಂದಲೇ ಕಲ್ಲು ಕಳೆದುಕೊಂಡು ವಾಪಸೂ ಆದರು. ಸಂಜೆ ಜ್ವರ ಇಳಿದು ಇವರು "ಮೊಸರನ್ನ ಕೊಡ್ತಾರೇನೇ?" ಎಂದಾಗ ನಾನು ಅತ್ತುಬಿಟ್ಟೆ. ಅಷ್ಟು ನೆಮ್ಮದಿಯಾದ ಅಳು ನಾನು ಮದುವೆಯ ದಿನವೂ ಅತ್ತಿರಲಿಲ್ಲ.

ಈಗ ನಮ್ಮ ನಕ್ಷೆಯಲ್ಲಿ ಇನ್ನೊಂದು ಚೌಕ ಸೇರಿದೆ. ಅದರೊಳಗೆ ಪ್ರಸ್ಥಾನ ಎಂದು ಬರೆಯಲು ಡೈರೆಕ್ಟರು ಒಪ್ಪದ ಕಾರಣ "ಅಡ್ವಾನ್ಸ್ ಲಗೇಜ್ ಮೂವ್‌ಮೆಂಟ್" ಎಂದು ಬರೆದಿದ್ದೇವೆ. ನಮ್ಮ ನಕ್ಷೆ ನೋಡಲು ಬಂದ ಸಲಹೆಗಾರರೊಬ್ಬರು ಇದು ಯಾವ ದೇಶದ ಪದ್ಧತಿ ಎಂದು ಕೇಳಿದರಂತೆ. ಡೈರೆಕ್ಟರು ಜಪಾನ್ ಎಂದರಂತೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಇವರನ್ನು ಮನೆಗೆ ಕಳಿಸುವ ದಿನದ ಕಥೆಯೂ ಹೇಳಲೇಬೇಕು. ಅವತ್ತು ನಾನು ರಜೆ ಹಾಕಿ, ಮ್ಯಾನೇಜರ್ ಎಂಬುದನ್ನು ಮರೆತು, ಬರೀ ಹೆಂಡತಿಯಾಗಿ ಮಂಚದ ಪಕ್ಕ ಮೂಸಂಬಿ ಸುಲಿಯುತ್ತ ಕೂತಿದ್ದೆ. ಹತ್ತೂವರೆ ಆಯಿತು, ಹನ್ನೊಂದೂವರೆ ಆಯಿತು, ಕಾಗದ ಬರಲಿಲ್ಲ. ನನಗೆ ರೇಗಿತು. ಸಿಸ್ಟರ್ ಲಿಸಿಯನ್ನು ಕರೆದು ಬಿಲ್ಲಿನವರಿಗೆ ಫೋನ್ ಮಾಡಿಸಿದೆ, ಫಾರ್ಮಸಿಯವರಿಗೆ ನಾನೇ ಮಾಡಿದೆ. ಎಲ್ಲರೂ ತಮ್ಮ ಕೆಲಸ ಮುಗಿಸಿದ್ದೇವೆ ಎಂದರು. "ಇಷ್ಟೆಲ್ಲ ಕಷ್ಟಪಟ್ಟು ಪದ್ಧತಿ ಮಾಡಿದರೆ ಹೀಗೆ ಮಾಡ್ತೀರಲ್ಲ, ಯಾರ ಹತ್ತಿರ ನಿಂತಿದೆ ಹೇಳಿ, ಅವರನ್ನ ನಾನು ನೋಡ್ಕೋತೀನಿ" ಎಂದು ವಾರ್ಡಿಗೆಲ್ಲ ಕೇಳುವಂತೆ ಗುಡುಗಿದೆ.

ಲಿಸಿ ಕಂಪ್ಯೂಟರ್ ನೋಡಿದರು. ನನ್ನನ್ನು ನೋಡಿದರು. ಮತ್ತೆ ಕಂಪ್ಯೂಟರ್ ನೋಡಿ ಮೆಲ್ಲಗೆ ಹೇಳಿದರು: "ಸಿಬ್ಬಂದಿಯ ಮನೆಯವರಿಗೆ ರಿಯಾಯಿತಿ ಕೊಡಬೇಕಾದ್ರೆ ಆಪರೇಷನ್ಸ್ ಮ್ಯಾನೇಜರ್ ಒಪ್ಪಿಗೆ ಬೇಕು ಅಂತ ಇದೆ ಮ್ಯಾಡಮ್. ಬೆಳಿಗ್ಗೆಯಿಂದ ಅವರ ಫೋನಿಗೆ ಕಳಿಸ್ತಾನೇ ಇದ್ದೀವಿ."

ಕೈಚೀಲದ ತಳದಲ್ಲಿ, ರಜೆಯ ದಿನವೆಂದು ಸದ್ದಡಗಿಸಿಟ್ಟ ಆಸ್ಪತ್ರೆಯ ಫೋನನ್ನು ನಾನು ಹೊರಗೆ ತೆಗೆದೆ. ಪರದೆಯ ತುಂಬ ಕೆಂಪು ಗುರುತುಗಳು. ಮೂಸಂಬಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಪ್ಪಿಗೆಯನ್ನು ಒತ್ತಿದೆ. ಇವರು ಹೊಲಿಗೆ ಇಲ್ಲದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದರು, ಕಲ್ಲಿನ ನೋವಿಗೂ ಇಷ್ಟು ಮುದುಡಿರಲಿಲ್ಲ. "ಇನ್ನೇನು, ಅವರನ್ನ ನೋಡ್ಕೋ ಮತ್ತೆ" ಎಂದರು.