ಬಾರದ ಸಹೋದರಿ

ಕಣ್ಣು ಮುಚ್ಚಿದೊಡನೆ ಒಳ್ಳೆಯವರಾಗಿಬಿಡುವ ಜನರಿದ್ದಾರೆ. ನಾನು ಅಂಥವಳು. ಕಣ್ಣು ತೆರೆದಿರುವಾಗ ಲಿಫ್ಟಿನಲ್ಲಿ ಪರಿಚಯದವರು ಸಿಕ್ಕರೆ ಮೊಬೈಲಿನಲ್ಲಿ ಏನನ್ನೋ ಹುಡುಕುವ ನಾನು, ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಇಡೀ ಲೋಕದ ಮೇಲೆ ಕರುಣೆ ಹರಿಸುತ್ತೇನೆ. ಧ್ವನಿ ಮೆತ್ತಗಾಗುತ್ತದೆ, ವಾಕ್ಯಗಳು ತಾವಾಗಿ ಬರುತ್ತವೆ. ಉಡುಪಿಯಲ್ಲಿ ನಮ್ಮ ಅಜ್ಜಿ ಸಂಜೆಯ ಮನೆಪ್ರಾರ್ಥನೆಯಲ್ಲಿ ಒಂದು ಕಣ್ಣನ್ನು ತೆರೆದೇ ಇಟ್ಟಿರುತ್ತಿದ್ದರು. ಯಾವ ಮೊಮ್ಮಗು ತೂಕಡಿಸುತ್ತಿದೆ, ಗಂಜಿ ಉಕ್ಕುತ್ತಿದೆಯೇ ಎಂದು ನೋಡಲಿಕ್ಕೆ. ಅಜ್ಜಿಗೆ ಆತ್ಮಿಕ ಪ್ರೌಢತೆ ಸಾಲದು ಎಂದು ಹತ್ತನೇ ವಯಸ್ಸಿಗೇ ತೀರ್ಮಾನಿಸಿದ್ದೆ. ಆ ತೀರ್ಮಾನವನ್ನು ಇಪ್ಪತ್ತೆಂಟರಲ್ಲಿ, ದೋಹಾದಲ್ಲಿ, ಮೂವತ್ತೈದು ಜನರ ಮುಂದೆ ಕುಳಿತು ಹಿಂದಕ್ಕೆ ಪಡೆಯಬೇಕಾಯಿತು.

ಇಲ್ಲಿ ನಮಗೆ ಶುಕ್ರವಾರವೇ ಭಾನುವಾರ. ಚರ್ಚುಗಳೆಲ್ಲ ಒಂದೇ ಆವರಣದಲ್ಲಿವೆ. ಗೇಟಿನಲ್ಲಿ ಚೀಲದ ತಪಾಸಣೆ, ಒಳಗೆ ಹತ್ತಾರು ಭಾಷೆಗಳ ಹಾಡು. ನಮ್ಮ ಕನ್ನಡ ಪ್ರಾರ್ಥನಾ ಕೂಟಕ್ಕೆ ಸಿಕ್ಕಿರುವುದು ಒಂದು ಕೋಣೆ, ಒಂದೂವರೆ ತಾಸು. ಆಮೆನ್ ಹೇಳುವಷ್ಟರಲ್ಲಿ ಮುಂದಿನ ಸರದಿಯ ಮಲಯಾಳಿಗಳು ಬಾಗಿಲಲ್ಲಿರುತ್ತಾರೆ. "ಯಲ್ಲಾ, ಯಲ್ಲಾ, ಪುಸ್ತಕ ಎತ್ತಿ" ಎಂದು ಕೂಟದ ಹಿರಿಯರಾದ ಪ್ರಭಾಕರ ಅಂಕಲ್ ಇಲ್ಲಿನ ಅರಬ್ಬಿಯಲ್ಲೇ ಅವಸರಪಡಿಸಿ ಎಲ್ಲರನ್ನೂ ಎಬ್ಬಿಸುತ್ತಾರೆ. ಹೊರಗಿನವರಿಗೆ ಸುವಾರ್ತೆ ಸಾರಲು ಇಲ್ಲಿನ ಕಾನೂನು ಬಿಡುವುದಿಲ್ಲ. ಹಾಗಾಗಿ ನಮ್ಮ ಸೇವೆಯೆಂದರೆ ನಮ್ಮವರಲ್ಲೇ ತಪ್ಪಿಸಿಕೊಂಡವರನ್ನು ಹುಡುಕುವುದು. ವರ್ಷದ ಮೊದಲ ಕೂಟದಲ್ಲಿ, ಬರುವುದನ್ನು ಬಿಟ್ಟವರ ಹೆಸರುಗಳನ್ನು ಹಳೆಯ ಪಟ್ಟಿಯಿಂದ ಹೆಕ್ಕಿ, ಚೀಟಿಯಲ್ಲಿ ಬರೆದು, ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. ಚೀಟಿ ಎತ್ತಿದವರು ಆ ಹೆಸರಿನವರಿಗೆ ಫೋನ್ ಮಾಡಬೇಕು, ಮನೆಗೆ ಹೋಗಬೇಕು, ಅವರಿಗಾಗಿ ಹೆಸರು ಹಿಡಿದು ಪ್ರಾರ್ಥಿಸಬೇಕು. ನನಗೆ ಬಂದ ಚೀಟಿಯಲ್ಲಿ 'ಸುಗುಣಾ ಎಸ್ತೇರ್, ಅಲ್ ವಕ್ರಾ' ಎಂದಿತ್ತು. ಕೆಳಗೊಂದು ಫೋನ್ ನಂಬರು. ಅಲ್ ವಕ್ರಾ ಎಂದರೆ ದೋಹಾದ ಪಕ್ಕದ ಊರು.

ನಾನು ಕಟ್ಟಡಗಳ ನಕ್ಷೆ, ಕಾಗದಪತ್ರಗಳನ್ನು ಪರಿಶೀಲಿಸುವ ಕೆಲಸದವಳು. ಸಹಿಯಿಲ್ಲದ ನಕ್ಷೆ ಬಂದರೆ ಎಂಜಿನಿಯರ್ ಎಷ್ಟು ದೊಡ್ಡವನಾದರೂ ವಾಪಸು ಕಳಿಸುತ್ತೇನೆ. ಸೇವೆಯನ್ನೂ ಹಾಗೇ ಕ್ರಮಬದ್ಧವಾಗಿ ಆರಂಭಿಸಿದೆ. ಎಲ್ಲರ ಚೀಟಿಗಳಿಗೂ ಸೇರಿ ಎಕ್ಸೆಲ್ ಪಟ್ಟಿ ಮಾಡಿದೆ: ಹೆಸರು, ಕರೆ, ಭೇಟಿ, ಪ್ರಾರ್ಥನೆ. ಪ್ರಭಾಕರ ಅಂಕಲ್ ಅದನ್ನು ಕೂಟದಲ್ಲಿ ಹೊಗಳಿದರು. ಆ ಹೊಗಳಿಕೆಯಲ್ಲೇ ಮೂರು ವಾರ ಕಳೆಯಿತು. ನಾಲ್ಕನೆಯ ವಾರ ಧೈರ್ಯ ಮಾಡಿ ಸುಗುಣಾ ಎಸ್ತೇರ್ ಅವರಿಗೆ ಫೋನ್ ಮಾಡಿದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ, ದುಡಿಯುವ ಯಾರೂ ಫೋನ್ ಎತ್ತಲಾಗದ ಹೊತ್ತಿಗೆ. ಮೂರು ಸಲ ರಿಂಗಾದೊಡನೆ, ಇನ್ನೇನು ಎತ್ತಿಬಿಡುತ್ತಾರೋ ಎಂಬ ಭಯಕ್ಕೆ ಕಟ್ ಮಾಡಿದೆ. ಸಂಜೆ ಅವರೇ ತಿರುಗಿ ಮಾಡಿದಾಗ ಎತ್ತದೆ, 'ಪ್ರಾರ್ಥನಾ ಕೂಟದಿಂದ. ನಂತರ ಕರೆ ಮಾಡುತ್ತೇನೆ' ಎಂದು ಮೆಸೇಜು ಕಳಿಸಿದೆ. ಹೆಸರು ಹಾಕಲಿಲ್ಲ. ಪಟ್ಟಿಯಲ್ಲಿ ಮಾತ್ರ 'ಕರೆ: ಆಯಿತು' ಎಂದು ಬರೆದೆ. ಆಫೀಸಿನಲ್ಲಿ ಇನ್ನೊಬ್ಬರು ಹೀಗೆ ಬರೆದಿದ್ದರೆ ಅವರ ಕಾಗದ ಆ ದಿನವೇ ಹಿಂದಿರುಗುತ್ತಿತ್ತು.

ಮಾಡದ ಭೇಟಿಯ ಸಂಕಟವನ್ನು ನಾನು ಪ್ರಾರ್ಥನೆಯಲ್ಲಿ ತೀರಿಸಿಕೊಂಡೆ. ಪ್ರತಿ ಶುಕ್ರವಾರ ಮೊದಲ ಸಾಲಿನಲ್ಲಿ ಕುಳಿತು, ಕಣ್ಣು ಬಿಗಿಯಾಗಿ ಮುಚ್ಚಿ, "ಕರ್ತನೇ, ದೂರದಲ್ಲಿರುವ ಸಹೋದರಿ ಸುಗುಣಾಳನ್ನು ಹತ್ತಿರಕ್ಕೆ ತಾ. ಅವಳ ಹೃದಯಕ್ಕೆ ಒಳಗಿನಿಂದ ಚಿಲಕ ಬಿದ್ದಿದೆ. ಅದನ್ನು ನೀನೇ ತೆಗೆ" ಎಂದು ಬೇಡುತ್ತಿದ್ದೆ. ಚಿಲಕದ ಮಾತು ಚೆನ್ನಾಗಿದೆ ಎನ್ನಿಸಿ ಮುಂದಿನ ವಾರಗಳಲ್ಲೂ ಬಳಸಿದೆ. ಹಿಂದಿನಿಂದ ಯಾರೋ ಅತ್ತು ಮೂಗು ಎಳೆದುಕೊಳ್ಳುವ ಸದ್ದು ಕೇಳಿದರೆ, ನನ್ನ ಪ್ರಾರ್ಥನೆ ಮನಸ್ಸು ಮುಟ್ಟುತ್ತಿದೆ ಎಂದುಕೊಳ್ಳುತ್ತಿದ್ದೆ. ಆಮೆನ್ ಆದೊಡನೆ ಪಕ್ಕದ ಬಾಗಿಲಿನಿಂದ ಹೊರಟುಬಿಡುತ್ತಿದ್ದೆ. ಐನ್ ಖಾಲಿದ್‌ನಲ್ಲಿರುವ ನನ್ನ ಕೋಣೆಗೆ ಕಾರಿನಲ್ಲಿ ಬಿಡುವ ಸಹೋದ್ಯೋಗಿ ಕಾಯುತ್ತಿರುತ್ತಾಳೆ ಎಂಬುದು ನಿಜ. ಅವಳಿಲ್ಲದಿದ್ದರೂ ಹೊರಟುಬಿಡುತ್ತಿದ್ದೆ ಎಂಬುದು ಇನ್ನೂ ನಿಜ. ನಿಂತರೆ ಜನ ಮಾತನಾಡಿಸುತ್ತಾರಲ್ಲ!

ಹೀಗೆ ಐದು ತಿಂಗಳು ಪ್ರಾರ್ಥಿಸಿದ್ದಕ್ಕೆ ಪ್ರಭಾಕರ ಅಂಕಲ್ ನನ್ನನ್ನು ಕರೆದು, "ಬರುವ ವಾರ ಆತ್ಮಿಕ ಪ್ರೌಢತೆಯ ಬಗ್ಗೆ ಹತ್ತು ನಿಮಿಷ ನೀನೇ ಮಾತಾಡಮ್ಮ" ಎಂದರು. ಮಾತಾಡಿದೆ. ಪ್ರೌಢ ವಿಶ್ವಾಸಿಯು ತನಗಿಂತ ಮೊದಲು ಇತರರನ್ನು ಕಾಣುತ್ತಾನೆ ಎಂದು ಎರಡು ಸಲ ಹೇಳಿದೆ. ಕುಳಿತುಕೊಂಡ ಮೇಲೆ ಸಾಕ್ಷಿ ಹೇಳುವವರಿಗೆ, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಹಂಚಿಕೊಳ್ಳುವವರಿಗೆ, ಅವಕಾಶ. ಮೂರನೆಯ ಸಾಲಿನಿಂದ, ತಿಳಿನೀಲಿ ಸೀರೆಯ ಒಬ್ಬ ನಡುವಯಸ್ಸಿನ ಹೆಂಗಸು ಎದ್ದರು. ಕೂಟಕ್ಕೆ ಚಹಾದ ಫ್ಲಾಸ್ಕ್ ತರುತ್ತಿದ್ದ, ಹೆಸರು ಕೇಳದೆಯೇ ಎಲ್ಲರೂ 'ವಕ್ರಾ ಅಕ್ಕ' ಎನ್ನುತ್ತಿದ್ದ ಹೆಂಗಸು. ಕೂಟ ಶುರುವಾಗುವ ಮೊದಲು ಅವರ ಚಹಾವನ್ನು ನಾನೂ ಒಂದೆರಡು ಸಲ, ಮುಖ ನೋಡದೆ, ಕುಡಿದಿದ್ದೆ.

"ನನ್ನ ಹೆಸರು ಸುಗುಣಾ ಎಸ್ತೇರ್" ಎಂದರು.

ನನ್ನ ಕಿವಿ ಬಿಸಿಯಾಯಿತು.

"ನಾನು ನರ್ಸರಿ ಶಾಲೆಯಲ್ಲಿ ಆಯಾ. ವರ್ಷದ ಸುರುವಿಗೆ ಕೂಟದಿಂದ ಒಂದು ಫೋನ್ ಬಂತು. ಡ್ಯೂಟಿಯಲ್ಲಿದ್ದೆ, ಎತ್ಲಿಕ್ಕೆ ಆಗ್ಲಿಲ್ಲ. ಆದ್ರೂ ನನ್ನನ್ನು ನೆನಪು ಮಾಡ್ಲಿಕ್ಕೆ ಜನ ಉಂಟಲ್ಲ ಅಂತ ಮರುವಾರವೇ ಬಂದೆ. ಬಂದು ಕೂತ್ರೆ ಈ ಹುಡುಗಿ, ಸುಗುಣಾ ಇನ್ನೂ ಬರ್ಲಿಲ್ಲ, ಅವಳ ಎದೆಗೆ ಚಿಲಕ ಬಿದ್ದಿದೆ ಅಂತ ಪ್ರಾರ್ಥನೆ ಮಾಡ್ತಾಳೆ! ನಾನು ಇಲ್ಲೇ ಇದ್ದೇನಲ್ಲ ಅಂತ ಹೇಳುವ ಅಂದ್ಕೊಂಡೆ. ಮತ್ತೆ ಹೆದರಿಕೆ ಆಯ್ತು. ಶರೀರ ಮಾತ್ರ ಬಂದದ್ದು, ಮನಸ್ಸು ಬರ್ಲಿಲ್ಲ ಅಂತ ದೇವರು ಇವಳಿಗೆ ತೋರಿಸಿರ್ಬೇಕು. ನನ್ನ ತಂಗಿ ಹತ್ರ ನಾಲ್ಕು ವರ್ಷದಿಂದ ಮಾತಿಲ್ಲ. ಅದೇ ಚಿಲಕ. ಪ್ರತಿ ವಾರ ಇಲ್ಲಿ ಕೂತು ಅತ್ತಿದ್ದೇನೆ. ಮೊನ್ನೆ ಮಂಗಳವಾರ ನಾನೇ ಅವಳಿಗೆ ಫೋನ್ ಮಾಡಿದೆ."

ಸಭೆ ಒಂದೇ ದನಿಯಲ್ಲಿ "ಸ್ತೋತ್ರ!" ಎಂದಿತು. ಎಲ್ಲರೂ ನನ್ನನ್ನು ನೋಡಿದರು. ಎದ್ದು ನಿಜ ಹೇಳಬೇಕಿತ್ತು. ನಾನು ಮಾಡಿದ್ದು, ತಲೆ ತಗ್ಗಿಸಿದ್ದು. ಅದನ್ನೂ ಅವರು ನಮ್ರತೆ ಎಂದುಕೊಂಡರು.

ಮುಂದಿನ ಎರಡು ಶುಕ್ರವಾರ ನಾನು ಕೂಟಕ್ಕೆ ಹೋಗಲಿಲ್ಲ. ಜ್ವರ ಎಂದು ಮೆಸೇಜು ಕಳಿಸಿದೆ. ಜ್ವರದವಳ ಆ ಮೆಸೇಜಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಎರಡನೆಯ ಶುಕ್ರವಾರ ಮಧ್ಯಾಹ್ನ ಫೋನ್ ಬಂತು. ಚೀಟಿಯಲ್ಲಿದ್ದ ಅದೇ ನಂಬರು. ಮೂರು ಸಲ ರಿಂಗಾಯಿತು, ನಾಲ್ಕಾಯಿತು, ಕೊನೆಯವರೆಗೂ ಆಗಿ ನಿಂತಿತು. ಮತ್ತೆ ಶುರುವಾಯಿತು. ಅವರು ನನ್ನಂತೆ ಕಟ್ ಮಾಡುವವರಲ್ಲ. ಎತ್ತಿದೆ.

"ಎಂತ ಮಗಾ, ಜ್ವರ ಹೇಗುಂಟು? ಅಂಕಲ್ ನಿನ್ನ ವಿಳಾಸ, ನಂಬರ್ ಕೊಟ್ರು. ಒತ್ತಿದ್ರೆ ನನ್ನ ಫೋನಲ್ಲಿ ವರ್ಷದ ಸುರುವಿಗೆ ಸೇವ್ ಮಾಡಿಟ್ಟ 'ಕೂಟ' ಅಂತ ಬಂತು. ಆವತ್ತು ಫೋನ್ ಮಾಡಿದ್ದೂ ನೀನೇ ಅಲ್ವಾ? ಬಾಗಿಲು ತೆಗಿ, ಗಂಜಿ ತಂದಿದ್ದೇನೆ."

ಬಾಗಿಲು ತೆಗೆದೆ. ಅಲ್ ವಕ್ರಾದಿಂದ ಆ ಬಿಸಿಲಿನಲ್ಲಿ ಒಂದು ಡಬ್ಬಿ ಗಂಜಿ, ಒಂದು ಡಬ್ಬಿ ಚಟ್ನಿ ಹಿಡಿದು ಬಂದಿದ್ದರು. ಹಣೆ ಮುಟ್ಟಿ ನೋಡಿದರು. ಹಣೆ ತಣ್ಣಗಿತ್ತು. ಆಗ ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ: ಮೂರು ರಿಂಗು, ಪಟ್ಟಿ, ಚಿಲಕ. ಹೇಳುತ್ತಾ ಹೋದಂತೆ ನನ್ನ ಭಯ ಒಂದೇ. ನನ್ನ ಸುಳ್ಳಿನ ಮೇಲೆ ನಿಂತಿದ್ದ ಆ ಅಕ್ಕತಂಗಿಯರ ಮಾತು ಈಗ ಮುರಿದು ಬಿದ್ದರೆ?

ಅವರು ಡಬ್ಬಿಗಳನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಹಾಗಾದ್ರೆ ದೇವರು ನಿನಗೆ ಎಂತದೂ ತೋರಿಸ್ಲಿಲ್ಲ?"

"ಇಲ್ಲ ಅಕ್ಕ."

"ನನ್ನ ಮುಖ ಸಹ ಗೊತ್ತಿರ್ಲಿಲ್ಲ?"

"ಇಲ್ಲ."

"ಛೇ! ಅನ್ಯಾಯವಾಗಿ ನಾನೇ ಮೊದಲು ಮಾತಾಡಿದೆನಲ್ಲ ಮಾರಾಯ್ತಿ! ಅವಳೇ ಮಾಡ್ಲಿ ಅಂತ ನಾಲ್ಕು ವರ್ಷ ಕಾದಿದ್ದೆ." ಇಷ್ಟು ಹೇಳಿ ಅವರು ಕುರ್ಚಿಯ ಮೇಲೆ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಇನ್ನು ಎಂತ ಮಾಡ್ಲಿಕ್ಕೂ ಇಲ್ಲ, ಖಲಾಸ್. ಅವಳು ಈಗ ದಿನಾ ಫೋನ್ ಮಾಡ್ತಾಳೆ, ಇಡ್ಲಿಕ್ಕೇ ಬಿಡುವುದಿಲ್ಲ. ಗಂಜಿ ಉಣ್ಣು. ಬರುವ ವಾರ ನನ್ನ ಪಕ್ಕದಲ್ಲಿ ಕೂತ್ಕೋ. ಪ್ರಾರ್ಥನೆ ಮಾಡುವಾಗ ಒಂದು ಕಣ್ಣು ತೆರೆದಿಡು."

ಅವರು ಹೋದ ಮೇಲೆ ಲ್ಯಾಪ್‌ಟಾಪ್ ತೆರೆದೆ. ಸುಗುಣಾ ಎಸ್ತೇರ್ ಅವರ ಹೆಸರಿನ ಮುಂದೆ 'ಭೇಟಿ' ಎಂಬ ಖಾನೆ ಖಾಲಿಯಿತ್ತು. ಯಾರು ಯಾರ ಮನೆಗೆ ಹೋದರು ಎಂದು ಆ ಖಾನೆ ಕೇಳುವುದಿಲ್ಲ. 'ಆಯಿತು' ಎಂದು ಬರೆದೆ. ನಾಚಿಕೆಯಾಗಿ ಅಳಿಸಿದೆ. ಅಳಿಸಿದ್ದಕ್ಕೆ ನನಗೆ ಒಳಗೊಳಗೇ ಎಷ್ಟು ಹೆಮ್ಮೆಯಾಯಿತೆಂದರೆ, ಮುಂದಿನ ಶುಕ್ರವಾರದ ಪ್ರಾರ್ಥನೆಗೆ ಅದರಿಂದ ಒಂದು ಬಹಳ ಒಳ್ಳೆಯ ವಾಕ್ಯವೂ ಹೊಳೆದುಬಿಟ್ಟಿತು.